ಅಂಗೈಯಲ್ಲಿ ಉಳಿದ ಅಂಟು

"ಬಾಗಿಲು ಮುಟ್ಟಬೇಡಿ ಅಮ್ಮಾ. ಬೋರ್ಡು ಕಾಣಿಸಲ್ವಾ?"

ಕಾಣಿಸುತ್ತಿತ್ತು. ಕುರುಡರಿಗೂ ಕಾಣಿಸುವಷ್ಟು ದಪ್ಪ ಕೆಂಪು ಅಕ್ಷರ: 'ಅಂಟುಜಾಡ್ಯ. ಒಳಗೆ ಬರಕೂಡದು.' ಜರಡಿ ಎಂದೇ ಕರೆಸಿಕೊಳ್ಳುವ ಹೆಂಗಸು ಹಡಗಿನ ಕಾವಲಿನವನ ಕಡೆ ತಿರುಗಿಯೂ ನೋಡದೆ ಆ ಬೋರ್ಡಿಗೇ ಹಣೆ ಆನಿಸಿ ನಿಂತಳು.

"ಪುಟ್ಟೀ. ಕೇಳಿಸ್ತಾ?"

ಒಳಗಿಂದ ಮೊದಲು ಬಂದದ್ದು ಮಂಚ ಕಿರುಗುಟ್ಟಿದ ಸದ್ದು. ಆಮೇಲೆ ತಂಗಿಯ ದನಿ, ಒದ್ದೆ ಬಟ್ಟೆಯ ಹಾಗೆ.

"ಅಕ್ಕಾ? ಬಾಯೆಲ್ಲಾ ಒಣಗಿಹೋಗಿದೆ."

"ಹೊಟ್ಟೆಗೆ ಏನಾದ್ರೂ ಹೋಯ್ತಾ?"

"ಗಂಜಿ ಕುಡಿಸಿದ್ರು. ಕುಡಿದಿದ್ದೆಲ್ಲಾ ವಾಪಸ್ಸು. ನೆನ್ನೆಗಿಂತ ಜಾಸ್ತಿ ಅಕ್ಕಾ. ಕರುಳನ್ನ ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡ್ತಿದಾರೆ."

"ಸಮುದ್ರ ನೋಡ್ತಾ ಮಲಗು. ಸಮುದ್ರ ಸಮುದ್ರ ಅಂತ ಬಾಯಿ ಬಡ್ಕೊಂಡು ಕರ್ಕೊಂಡು ಬಂದೆಯಲ್ಲ."

"ಕಿಟಕಿ ತುಂಬಾ ನೀರೇ. ಒಂದು ತೊಟ್ಟು ಕುಡಿಯೋ ಹಾಗಿಲ್ಲ." ತಂಗಿ ನಗಲು ಹೋದಳು. ನಗು ಅರ್ಧಕ್ಕೇ ಮುರಿದು ಓಕರಿಕೆಯಾಯಿತು.

ಬಾಗಿಲು ತೆರೆದು ತಂಗಿಯ ಗಂಡ ಹೊರಬಂದ. ಮುಖಕ್ಕೆ ಮುಸುಕು, ಕೈಗೆ ಗವಸು, ಗವಸಿನಲ್ಲಿ ಖಾಲಿ ಲೋಟ. ಊರಲ್ಲಿ ಅವನಿಗೊಂದು ಔಷಧಿ ಅಂಗಡಿ. ಮಾತ್ರೆಗಿಂತ ಅವನ ಮಾತಿಗೇ ಅರ್ಧ ಕಾಯಿಲೆ ವಾಸಿಯಾಗುತ್ತದೆ ಎಂದು ಗಿರಾಕಿಗಳು ಹೇಳುತ್ತಿದ್ದರು. ಅದಕ್ಕೇ ನೆಂಟರ ನಡುವೆ ಅವನ ಹೆಸರು ಬೆಲ್ಲ.

"ಅಕ್ಕಾ, ನಿಮ್ಮ ಮುಖ ನೋಡಿ ಹೇಗಾಗಿದೆ. ಹೋಗಿ ಒಂದು ಗಳಿಗೆ ಮಲಕ್ಕೊಳ್ಳಿ. ನಾನಿದೀನಲ್ಲ."

"ನನ್ನನ್ನ ಒಂದು ನಿಮಿಷ ಒಳಗೆ ಬಿಡು."

"ನನ್ನ ಕೈಯಲ್ಲಿದ್ರೆ ಬಿಡ್ತಿರಲಿಲ್ವಾ? ಮನೆಯವರಲ್ಲಿ ಒಬ್ಬರೇ ಅಂತ ರೂಲ್ಸು." ಅವನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ಬೀಗ ಬಿದ್ದ ಸದ್ದು ಮಾತ್ರ ಮೆಲ್ಲಗಿರಲಿಲ್ಲ.

ಆ ಹೆಂಗಸಿಗೆ ಜರಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕಾರ್ಮಿಕ ಸಂಘದ ಕಚೇರಿಯಲ್ಲಿ ಕೂತು, ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವರ ಮತ್ತು ಸುಳ್ಳು ಕಳವಿನ ಆರೋಪ ಹೊತ್ತವರ ಪರವಾಗಿ ಮಾಲೀಕರ ಮಾತನ್ನು ಸೋಸಿ ಸೋಸಿ ಆಕೆ ಪತ್ತೇದಾರಳಾಗಿದ್ದಳು. ಈಗ ತನ್ನ ಮನೆಯದನ್ನೇ ಸೋಸಬೇಕಾಗಿತ್ತು. ಮೊನ್ನೆ ಸಂಜೆ ಊಟದ ಮೇಜಿನಲ್ಲಿ ತಂಗಿ ಹೊಟ್ಟೆ ಹಿಡಿದು ಕುಸಿದಿದ್ದಳು. ವಿಷ ಹಾಕಿದಳೆಂದು ಅಡಿಗೆಯವಳನ್ನು ಅಂದೇ ಕೂಡಿಹಾಕಿದ್ದರು. ನಾಳೆ ಬೆಳಿಗ್ಗೆ ಬಂದರು ಸಿಕ್ಕಾಗ ಆಕೆಯನ್ನು ಪೊಲೀಸರ ಕೈಗೆ ಕೊಡುವವರಿದ್ದರು.

ಕಳ್ಳನನ್ನು ಕಟ್ಟಿಹಾಕಿದ ಮೇಲೂ ಕಳವು ನಿಲ್ಲಲಿಲ್ಲವೆಂದರೆ ಕಟ್ಟಿಹಾಕಿದ್ದು ಕಳ್ಳನನ್ನಲ್ಲ. ಅಡಿಗೆಯವಳು ಕೆಳಗೆ ಬೀಗದೊಳಗಿದ್ದಳು. ತಂಗಿ ಮೇಲೆ, ಗಂಜಿ ಗಂಜಿಗೂ ಸಾಯುತ್ತಿದ್ದಳು.

ನಾಳೆವರೆಗೆ ಅವಳು ತಡೆಯುವುದಿಲ್ಲ. ಅದು ಅಕ್ಕನಿಗೆ ಗೊತ್ತಾಗಿಹೋಗಿತ್ತು.

*

ಹಡಗಿನ ಡಾಕ್ಟರು ಕೈ ತೊಳೆಯುತ್ತಿದ್ದರು. ಅವರನ್ನು ಯಾವಾಗ ನೋಡಿದರೂ ಕೈ ತೊಳೆಯುತ್ತಲೇ ಇರುತ್ತಿದ್ದರು.

"ಕೂತ್ಕೊಳ್ಳಿ ಮೇಡಂ."

"ನಿಂತೇ ಕೇಳ್ತೀನಿ. ನನ್ನ ತಂಗಿಗೆ ಏನಾಗಿದೆ?"

"ಎಷ್ಟು ಸಲ ಹೇಳೋದು? ಅಂಟುಜಾಡ್ಯ. ವಾಂತಿ, ಭೇದಿ. ಹಡಗಲ್ಲಿ ಒಬ್ಬರಿಗೆ ಬಂದ್ರೆ ಇಡೀ ಹಡಗೇ ಮಲಗುತ್ತೆ. ಬೇರೆ ಪ್ರಯಾಣಿಕರ ಜವಾಬ್ದಾರೀನೂ ನನ್ನ ಮೇಲಿದೆ."

"ಸರಿ. ಹಾಗಾದ್ರೆ ಅಡಿಗೆಯವಳನ್ನ ಯಾಕೆ ಕೂಡಿಹಾಕಿದೀರಿ?"

"ಅದು ಕಾವಲಿನವರ ವಿಷಯ. ಊಟದಲ್ಲಿ ಏನೋ ಬೆರೆಸಿದಾಳೆ ಅಂತ ದೂರು."

"ಅಂಟುಜಾಡ್ಯ ಅಂದ್ರೆ ಊಟದ್ದಲ್ಲ, ಅಡಿಗೆಯವಳ ಬೀಗ ತೆಗೀರಿ. ಊಟದ್ದು ಅಂದ್ರೆ ಅಂಟುಜಾಡ್ಯ ಅಲ್ಲ, ನನ್ನ ತಂಗಿ ಬೀಗ ತೆಗೀರಿ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ?"

ಡಾಕ್ಟರು ಟವೆಲ್ಲಿಗೆ ಕೈ ಹಾಕಿದವರು ಅಲ್ಲೇ ನಿಂತರು.

"ನಿಮ್ಮ ಕಂಪನಿಗೆ ಸತ್ಯ ಬೇಕಾಗಿಲ್ಲ ಡಾಕ್ಟ್ರೇ. ಎರಡು ಬೀಗ ಬೇಕು, ಅಷ್ಟೇ. ಮೇಲಿನವರು ಹೆದರಬಾರದು ಅಂತ ಒಂದು, ಕೆಳಗಿನವರು ಹೆದರಬೇಕು ಅಂತ ಒಂದು."

"ನನಗೆ ಹೇಳಿದ್ದನ್ನ ನಾನು ನಂಬಿದೆ ಮೇಡಂ!" ಡಾಕ್ಟರ ದನಿ ಏರಿತು. "ನಿಮ್ಮ ಮನೆಯವರೇ ಬಂದು ಹೇಳಿದ್ದು. ನಿಮ್ಮ ತಂಗಿ ಗಂಡ. ಅಳ್ತಾ ಓಡಿಬಂದು, 'ಡಾಕ್ಟ್ರೇ, ಅವಳಿಗೆ ಅಂಟು ತಗುಲಿದೆ' ಅಂದ್ರು. ಇದೇ ಮಾತು. ಆಮೇಲೆ ನಾನೇನು ಮಾಡಬೇಕಿತ್ತು?"

ಜರಡಿ ಆಗ ಕುರ್ಚಿ ಎಳೆದುಕೊಂಡು ಕೂತಳು.

ಅಂಟು! ಅದು ಅವರ ಮನೆಯ ಮಾತು. ಗೋಧಿಯಲ್ಲಿ, ಮೈದಾದಲ್ಲಿ, ರವೆಯಲ್ಲಿ ಹಿಟ್ಟನ್ನು ಹಿಡಿದು ನಿಲ್ಲಿಸುವ ಒಂದು ಜಿಗುಟು ಇರುತ್ತದೆ. ಡಾಕ್ಟರುಗಳು ಗ್ಲುಟೆನ್ ಎನ್ನುವುದು ಅದಕ್ಕೇ. ತಂಗಿಯ ಕರುಳಿಗೆ ಅದು ಆಗದು, ಒಂದು ಚಮಚ ಹೋದರೂ ವಾಂತಿ ಭೇದಿಯಾಗಿ ಜೀವಕ್ಕೇ ಬರುವಷ್ಟು. ನಾಲಿಗೆ ಹೊರಳದ ಅಜ್ಜಿ ಅದನ್ನು ಅಂಟು ಎಂದು ಕರೆದಳು. 'ಕೂಸಿಗೆ ಅಂಟು ಆಗಲ್ಲ ಕಣ್ರೇ' ಎಂದು ಮದುವೆಮನೆಗಳಲ್ಲಿ ಸಾರಿಕೊಂಡು ಬಂದಳು. ಕೇಳಿದವರು ಕೂಸಿನಿಂದ ಎರಡು ಮಾರು ದೂರ ಸರಿಯುತ್ತಿದ್ದರು. ಮನೆಯವರಿಗೆ ಅದೊಂದು ನಗೆ.

ಹಡಗಿನಲ್ಲಿ ಅದು ನಗೆಯಾಗಿ ಉಳಿದಿರಲಿಲ್ಲ. ಗೋಧಿ ಆಗದವರಿಗೆಂದು ಇಟ್ಟಿದ್ದ ನೇರಳೆ ಅಂಚಿನ ತಟ್ಟೆಗಳನ್ನು ಬಡಿಸುವವರು ಎರಡು ದಿನದಿಂದ ಕೋಲಿನ ತುದಿಯಲ್ಲಿ ಹಾವು ಹಿಡಿದ ಹಾಗೆ ಹಿಡಿಯುತ್ತಿದ್ದರು. 'ಅಂಟಿನೋರ ತಟ್ಟೆ' ಎಂದು ಅದಕ್ಕೆ ಹೆಸರೂ ಬಿದ್ದಿತ್ತು. ತಟ್ಟೆ ಬೇರೆ ಇಟ್ಟ ಮೇಲೆ ಮನುಷ್ಯರನ್ನೂ ಬೇರೆ ಇಡುವುದನ್ನು ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

"ನಮ್ಮನೇಲಿ ಅಂಟು ಅಂದ್ರೆ ಗ್ಲುಟೆನ್ನು ಡಾಕ್ಟ್ರೇ," ಅಂದಳು ಜರಡಿ. "ಅವಳಿಗೆ ರೋಗ ಅಂಟಿಲ್ಲ. ಅವಳ ಹೊಟ್ಟೆಗೆ ಗೋಧಿ ಹೋಗಿದೆ."

ಡಾಕ್ಟರ ಮುಖದ ಬಣ್ಣ ಇಳಿಯಿತು. "ಅವರಿಗೆ ಗೋಧಿ ಆಗಲ್ಲ ಅಂತ ನನಗೆ ಯಾರು ಹೇಳಿದ್ರು?"

"ನಾನು ಬಾಗಿಲಲ್ಲಿ ನಿಂತು ಕೂಗಿದೆ. ಮನೆಯವರಲ್ಲಿ ಒಬ್ಬರು ಮಾತಾಡಿದ್ರೆ ಸಾಕು ಅಂತ ತಳ್ಳಿಸಿದ್ರಿ. ಅಡಿಗೆಮನೆಗೆ ಗೊತ್ತಿತ್ತು. ನಿಮಗೂ ಅಡಿಗೆಮನೆಗೂ ಮಾತಿಲ್ವಾ? ಇರೋದು ಒಂದೇ ಹಡಗು, ಒಂದೇ ಹೊಟ್ಟೆ."

ಡಾಕ್ಟರು ಮತ್ತೆ ನಲ್ಲಿಯ ಕಡೆ ಹೋದ ಕೈಯನ್ನು ತಾವೇ ತಡೆದುಕೊಂಡರು.

"ಗಂಜಿ ಯಾವುದರದು?" ಜರಡಿ ಕೇಳಿದಳು.

"ಅದರಲ್ಲಿ ಮಾತ್ರ ನಮ್ಮ ತಪ್ಪಿಲ್ಲ ಮೇಡಂ. ನಿಮ್ಮ ಮನೆ ಹಿಟ್ಟೇ. ಬಟ್ಟೆ ಚೀಲದಲ್ಲಿ ತಂದಿದ್ರಲ್ಲ, ಅದು. ಹಡಗಿನದ್ದು ಏನೂ ಬೇಡ, ಇದನ್ನೇ ಕಾಯಿಸಿ ಕುಡಿಸ್ತೀನಿ ಅಂತ ನಿಮ್ಮ ತಂಗಿ ಗಂಡ ಕೈ ಮುಗಿದು ಕೇಳಿಕೊಂಡ್ರು."

ಎದೆ ಹಗುರಾಗಬೇಕಿತ್ತು. ಆ ಅಕ್ಕಿಯನ್ನು ತೊಳೆದವಳು, ಒಣಗಿಸಿದವಳು, ಗಿರಣಿಯ ಕಲ್ಲು ತೊಳೆಸಿ ಬೀಸಿಸಿದವಳು ಜರಡಿಯೇ. ಚೀಲದ ಬಾಯಿಯನ್ನು ಹೊಲಿದದ್ದೂ ಅವಳ ಕೈಯೇ.

ಹಗುರಾಗಲಿಲ್ಲ. ಆ ಗಂಜಿ ಕುಡಿದಾಗಲೆಲ್ಲಾ ತಂಗಿಗೆ ಜಾಸ್ತಿಯೇ ಆಗಿತ್ತು.

"ಬೋರ್ಡು ಕಿತ್ತುಹಾಕಿ. ಬಾಗಿಲು ತೆಗೀರಿ," ಅಂದಳು. "ನಾನು ಬರೋವರೆಗೂ ಅವಳ ಬಾಯಿಗೆ ಬರೀ ನೀರು. ಇನ್ನೇನೂ ಬೇಡ. ಮತ್ತೆ, ಅಡಿಗೆಯವಳ ಬೀಗದ ಕೀಲಿ ಕೊಡಿಸಿ."

*

ಕೆಳಗಿನ ಮಹಡಿಯಲ್ಲಿ ಕಿಟಕಿಗಳಿಲ್ಲ. ಮೇಲೆ ಸಮುದ್ರ ಮಾರುವ ಹಡಗು, ಕೆಳಗೆ ದುಡಿಯುವವರಿಗೆ ಅದರ ಸದ್ದನ್ನು ಮಾತ್ರ ಬಿಟ್ಟಿದೆ. ಮಾಸಿದ ಹಾಸಿಗೆ ಬಟ್ಟೆ ಒಟ್ಟುವ ಕೋಣೆಯ ಬೀಗವನ್ನು ಕಾವಲಿನವನು ತೆಗೆದ.

ಬಟ್ಟೆಯ ಮೂಟೆಗಳ ಮೇಲೆ ಒಬ್ಬ ದಪ್ಪ ಹೆಂಗಸು ಕಾಲು ನೀಡಿ ಕೂತಿದ್ದಳು. ಗೋಧಿ ಸೋಕದ ಅಡಿಗೆಗೆಂದು ಬೇರೆಯೇ ಇಟ್ಟ ಒಲೆ ಅವಳದು. ಅದರಿಂದ ಎಲ್ಲರಿಗೂ ಅವಳು ಬೇರೊಲೆ.

"ಹಡಗು ಸೇರಿದ ಮೇಲೆ ಹಗಲು ಹೊತ್ತಲ್ಲಿ ಕೂತಿದ್ದು ಇದೇ ಮೊದಲು ಅಕ್ಕಾ," ಅಂದಳು ಬೇರೊಲೆ. "ವಿಷ ಹಾಕಿದೋಳು ಅಂತಾದ್ರೂ ರಜೆ ಕೊಟ್ರು." ಬಾಯಿ ನಕ್ಕಿತು. ಕಣ್ಣು ಊದಿಕೊಂಡಿದ್ದವು. "ನಿಮ್ಮ ತಂಗಿ ಹೇಗಿದಾರೆ?"

"ಉಳಿಸ್ಕೋಬೇಕು. ಒಂದು ಹೇಳು. ಅವತ್ತು ಸಂಜೆ ಅವಳಿಗೆ ಏನು ಮಾಡಿಕೊಟ್ಟೆ?"

"ತರಕಾರಿ ಸೂಪು."

"ಗಟ್ಟಿ ಮಾಡೋಕೆ ಏನು ಹಾಕಿದೆ?"

ಬೇರೊಲೆ ಕಾವಲಿನವನ ಮುಖ ನೋಡಿದಳು, ಆಮೇಲೆ ಜರಡಿಯ ಮುಖ. "ಹೇಳಿದ್ರೆ ನೀವೂ ಹೊಡೀತೀರಿ. ಮೊದಲ ದಿನ ಇವರಿಗೆ ಹೇಳಿದೆ. 'ತಿಂದವರ ಮೇಲೇ ತಿರುಗಿಸ್ತೀಯಾ' ಅಂತ ಗದರಿಸಿದ್ರು."

"ನಾನು ಹೊಡೆಯೋಳಲ್ಲ."

"ನಿಮ್ಮ ಮನೆ ಹಿಟ್ಟು ಅಕ್ಕಾ. ನನ್ನ ಡಬ್ಬೀಲಿ ಅಕ್ಕಿಹಿಟ್ಟು ಇತ್ತು. ನಿಮ್ಮ ಭಾವನೋರು..."

"ತಂಗಿ ಗಂಡ."

"ಹ್ಞಾ, ಅವರೇ. ಒಲೆ ಹತ್ರಾನೇ ಬಂದು, 'ಅವಳಿಗೆ ಮನೆ ಹಿಟ್ಟಿನ ರುಚಿ ಬೇಕಂತೆ, ಇದರಲ್ಲೇ ಮಾಡು ತಾಯಿ' ಅಂದ್ರು. ಎಷ್ಟು ಚೆಂದ ಮಾತಾಡ್ತಾರೆ! ಹೆಂಡತಿಗೋಸ್ಕರ ಅಡಿಗೆಮನೆ ಮೆಟ್ಟಿಲು ಇಳಿದು ಬಂದ ಗಂಡಸನ್ನ ನಾನು ಇಲ್ಲಿ ನೋಡೇ ಇರಲಿಲ್ಲ. ಚೀಲದ ಹೊಲಿಗೆ ಕತ್ತರಿಸಿ ಒಂದು ಚಮಚ ಹಾಕಿದೆ."

"ಹೊಲಿಗೆ ಯಾವ ದಾರ?"

"ಬಿಳಿ. ಕತ್ತರಿಸಿ ಕಸಕ್ಕೆ ಎಸೆದೆ. ಯಾಕೆ?"

ಹೊರಡುವ ಮೊದಲು ಮನೆಯಲ್ಲಿ ಬಿಳಿ ದಾರ ಸಿಗದೆ, ಕೊಡೆ ಹೊಲಿಯುವ ಕಪ್ಪು ದಾರದಲ್ಲಿ ಜರಡಿ ಚೀಲದ ಬಾಯಿ ಮುಚ್ಚಿದ್ದಳು. 'ಹಿಟ್ಟಿನ ಚೀಲಕ್ಕೆ ಮೀಸೆ ಬಂತು' ಎಂದು ತಂಗಿ ನಕ್ಕಿದ್ದಳು.

"ಎದ್ದೇಳು," ಅಂದಳು ಜರಡಿ. "ನಿನ್ನ ಡಬ್ಬಿ ತಗೊಂಡು ಬಾ."

*

ತಂಗಿಯ ಕ್ಯಾಬಿನ್ನಿಗೆ ಎದುರೇ ಟೀ ಕಾಯಿಸುವ ಪುಟ್ಟ ಕೋಣೆ. ಒಂದು ಒಲೆ, ಒಂದು ನಲ್ಲಿ, ಗೂಟಕ್ಕೆ ತೂಗುಹಾಕಿದ ಬಟ್ಟೆ ಚೀಲ. ಗಂಜಿ ಇಲ್ಲೇ ಕುದಿಯುತ್ತಿತ್ತು. ಅಲ್ಲೇ ಕಾದು ನಿಂತಿದ್ದ ಡಾಕ್ಟರು ಮಾತು ಉಳಿಸಿಕೊಂಡಿದ್ದರು. ಎದುರಿನ ಬಾಗಿಲು ತೆರೆದಿತ್ತು. ಕಿತ್ತ ಬೋರ್ಡಿನ ನಾಲ್ಕು ಮೂಲೆಗಳು ಮಾತ್ರ ಗೋಂದಿಗೆ ಕಚ್ಚಿಕೊಂಡು ಉಳಿದಿದ್ದವು. ಒಳಗೆ ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯ ಕೆಳಗೆ ಒಬ್ಬ ಮನುಷ್ಯಳಿದ್ದಾಳೆಂದು ಹೇಳುವಷ್ಟು ಉಬ್ಬೂ ಇರಲಿಲ್ಲ.

ಜರಡಿ ಚೀಲವನ್ನು ಬೆಳಕಿಗೆ ಹಿಡಿದಳು. ಬಾಯಿಯ ಅಂಚಿನಲ್ಲಿ ಸೂಜಿಯ ತೂತುಗಳು ಎರಡು ಸಾಲು. ಒಂದು ಸಾಲು ದಪ್ಪ ಸೂಜಿಯದು, ಅವಳದೇ. ಇನ್ನೊಂದು ಸಾಲು ಸಣ್ಣದು, ಅಚ್ಚುಕಟ್ಟಾದದ್ದು. ಮಡಿಕೆಯ ಮೂಲೆಯಲ್ಲಿ ಬಿಳಿ ದಾರದ ಒಂದು ಚೂರು ಸಿಕ್ಕಿಕೊಂಡಿತ್ತು.

"ಡಾಕ್ಟ್ರೇ, ನೋಡ್ತಾ ಇರಿ. ಅಕ್ಕಿಹಿಟ್ಟೂ ಬಿಳಿ, ಮೈದಾನೂ ಬಿಳಿ. ಕಣ್ಣಿಗೆ ಎರಡೂ ಒಂದೇ. ನೀರಿಗೆ ಒಂದಲ್ಲ."

ಮೊದಲು ಬೇರೊಲೆಯ ಡಬ್ಬಿಯಿಂದ ಒಂದು ಹಿಡಿ ಹಿಟ್ಟು ತೆಗೆದು ಕಲಸಿದಳು. ಸ್ವಲ್ಪ ಹೊತ್ತು ಬಿಟ್ಟು, ಅಂಗೈಯಲ್ಲಿ ಹಿಡಿದು ನಲ್ಲಿಯ ಸಣ್ಣ ಧಾರೆಗೆ ಒಡ್ಡಿ ಹಿಸುಕಿದಳು. ಬೆಳ್ಳಗಿನ ನೀರು ಇಳಿಯಿತು, ಇಳಿಯಿತು. ಕೊನೆಗೆ ಅಂಗೈ ಖಾಲಿ. ಗೆರೆಗಳಲ್ಲೂ ಏನೂ ಉಳಿಯಲಿಲ್ಲ.

"ಅಯ್ಯೋ, ಸುಮ್ಮನೆ ಒಂದು ಹಿಡಿ ಹಿಟ್ಟು," ಅಂದಳು ಬೇರೊಲೆ. ಅವಳಿಗೆ ಗೊತ್ತಾಗಿತ್ತು, ತೊಳೆದುಹೋದದ್ದು ಹಿಟ್ಟು ಮಾತ್ರವಲ್ಲ, ತನ್ನ ಮೇಲಿನ ಆರೋಪವೂ ಎಂದು.

ಆಮೇಲೆ ಚೀಲದ ಹಿಟ್ಟು. ಕಲಸುವಾಗಲೇ ಬೆರಳಿಗೆ ಬೇರೆ ಹಿಡಿತ ಸಿಕ್ಕಿತು. ಜರಡಿ ತುಟಿ ಕಚ್ಚಿಕೊಂಡು ಅಷ್ಟೇ ಹೊತ್ತು ಬಿಟ್ಟಳು, ಅದೇ ಧಾರೆಗೆ ಒಡ್ಡಿದಳು. ಬೆಳ್ಳಗಿನ ನೀರು ಇಳಿಯಿತು. ತಿಳಿಯಾಯಿತು. ಅಂಗೈ ಖಾಲಿಯಾಗಲಿಲ್ಲ.

ಒಂದು ಮುದ್ದೆ ಉಳಿಯಿತು. ಬೂದು ಬಣ್ಣದ್ದು, ಜಗಿದು ಉಗಿದ ಗೋಂದಿನ ಹಾಗೆ. ಎಳೆದರೆ ಹಿಗ್ಗಿತು, ಬಿಟ್ಟರೆ ಕುಗ್ಗಿತು.

"ಇದೇ ಅಂಟು," ಅಂದಳು ಜರಡಿ. "ಅಕ್ಕೀಲಿ ಇದು ಇಲ್ಲ. ಚೀಲ ತುಂಬಾ ಮೈದಾ. ಎರಡು ದಿನದಿಂದ ಔಷಧಿ ಅಂತ ಕುಡಿಸಿದ್ದು ಇದನ್ನೇ. ನಾನು ಹೊಲಿದ ಮೇಲೆ ಯಾರೋ ಬಿಚ್ಚಿದಾರೆ. ತುಂಬಿದಾರೆ. ಮತ್ತೆ ಹೊಲಿದಿದಾರೆ."

ಡಾಕ್ಟರು ಮುಂದೆ ಬಾಗಿ ಆ ಮುದ್ದೆಯನ್ನು ಬೆರಳಿಂದ ಮುಟ್ಟಿದರು. ಮೊದಲ ಬಾರಿಗೆ ಅವರಿಗೆ ಕೈ ತೊಳೆಯುವುದು ನೆನಪಾಗಲಿಲ್ಲ.

"ಅಕ್ಕಾ."

ಬಾಗಿಲಲ್ಲಿ ಬೆಲ್ಲ ನಿಂತಿದ್ದ. ಮುಸುಕಿಲ್ಲ, ಗವಸಿಲ್ಲ. ಕೈಯಲ್ಲಿ ಹಬೆಯಾಡುವ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಕಣ್ಣು ಆ ಮುದ್ದೆಯ ಮೇಲಿತ್ತು. ಮುಖದಲ್ಲಿ ಗಾಬರಿಯಿಲ್ಲ, ಆಶ್ಚರ್ಯವಿಲ್ಲ. ದುಃಖ ಮಾತ್ರ ಇತ್ತು, ಅಳತೆ ನೋಡಿ ಸುರಿದ ಹಾಗೆ.

"ಈ ಅಕ್ಕಿ ತೊಳೆದಿದ್ದು ಯಾರು ಅಕ್ಕಾ?"

"ನಾನು."

"ಬೀಸಿಸಿದ್ದು?"

"ನಾನೇ."

"ಚೀಲಕ್ಕೆ ತುಂಬಿ ಹೊಲಿದಿದ್ದು?"

"ನಾನೇ. ಕಪ್ಪು ದಾರದಲ್ಲಿ." ಜರಡಿ ಚೀಲದ ಮಡಿಕೆಯಿಂದ ದಾರದ ಚೂರನ್ನು ಕಿತ್ತಳು. "ಇಲ್ಲಿ ನೋಡು, ಬಿಳಿ..."

"ನಿಮ್ಮ ಸೂಜಿ ಡಬ್ಬೀಲಿ ಬಿಳಿ ದಾರ ಇಲ್ವಾ?" ದನಿ ಒಂದು ಎಳೆಯೂ ಏರಲಿಲ್ಲ. "ಕಪ್ಪು ದಾರ ಯಾರಾದ್ರೂ ನೋಡಿದಾರಾ?"

ನೋಡಿದ್ದವಳು ಒಬ್ಬಳೇ. ಎದುರಿನ ಕೋಣೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಮದುವೆ ದಿನದಿಂದ ನಾನು ನಿಮಗೆ ಸರಿಬಂದಿಲ್ಲ ಅಂತ ಗೊತ್ತು," ಬೆಲ್ಲ ಮುಂದುವರಿದ, ಡಾಕ್ಟರಿಗೂ ಕೇಳುವ ಹಾಗೆ, ಎದುರಿನ ಕೋಣೆಗೂ ಕೇಳುವ ಹಾಗೆ. "ಆದ್ರೆ ನನ್ನನ್ನ ಸಿಕ್ಕಿಸೋಕೆ ಸ್ವಂತ ತಂಗಿ ಹೊಟ್ಟೆಗೇ ಕೈ ಹಾಕೋದಾ ಅಕ್ಕಾ? ಎಲ್ಲರಿಗಿಂತ ಮೊದಲು ಮೈದಾ ಅಂತ ಕಂಡುಹಿಡಿದವರೂ ನೀವೇ. ಹಾಕಿದವರಿಗೆ ತಾನೆ ಎಲ್ಲಿದೆ ಅಂತ ಗೊತ್ತಿರೋದು?"

ಹಿಂದೆಯೇ ಬಂದಿದ್ದ ಕಾವಲಿನವನು ಕೆಮ್ಮಿದ. ಸೊಂಟದ ಕೀಲಿಗೊಂಚಲಿಗೆ ಅವನ ಕೈ ತಾನಾಗಿಯೇ ಹೋಗಿತ್ತು.

"ಅಮ್ಮಾ, ಸ್ವಲ್ಪ ನಮ್ಮ ಜೊತೆ ಕೆಳಗೆ ಬರ್ತೀರಾ. ವಿಚಾರಣೆ ಅಷ್ಟೇ."

"ಇವರು ಹಾಗೆ ಮಾಡಿಲ್ಲ!" ಬೇರೊಲೆ ಅಡ್ಡ ನಿಂತಳು. "ದಾರ ನಾನು ಕತ್ತರಿಸಿದ್ದು, ಬಿಳೀದೇ ಇತ್ತು..."

"ನೀನು ಸುಮ್ನಿರಮ್ಮಾ. ನಿನ್ನ ವಿಷಯವೇ ಇನ್ನೂ ಮುಗಿದಿಲ್ಲ."

ಎರಡು ಬೀಗ ತೆಗೆಸಿದವಳಿಗೆ ಮೂರನೆಯದು ತಯಾರಾಗಿತ್ತು. ಜರಡಿಗೆ ಅದರ ಚಿಂತೆಯಿರಲಿಲ್ಲ. ಬೆಲ್ಲ ಬಾಗಿಲಿಂದ ಹಿಂದೆ ಸರಿದು, ಎದುರಿನ ಕೋಣೆಯ ಹೊಸ್ತಿಲ ಮೇಲೆ ಕಾಲಿಟ್ಟಿದ್ದ.

"ಆ ಲೋಟ ಹಿಡ್ಕೊಳ್ಳಿ ಡಾಕ್ಟ್ರೇ! ಅವಳಿಗೆ ಕುಡಿಸೋಕೆ ಬಿಡಬೇಡಿ!"

"ಅಡಿಗೆಮನೆಯಿಂದ ತಂದಿರೋ ಗಂಜಿ," ಅಂದ ಬೆಲ್ಲ. "ಬೇಕಾದ್ರೆ ಪರೀಕ್ಷೆ ಮಾಡಿ."

ಡಾಕ್ಟರು ಜರಡಿಯನ್ನು ನೋಡಿದರು. ಹಸಿ ಹಿಟ್ಟು ತೊಳೆದರೆ ಅಂಟು ಸಿಗುತ್ತದೆ. ಬೆಂದ ಗಂಜಿಯಲ್ಲಿ ಎಷ್ಟು ಕೈಯಾಡಿಸಿದರೂ ಸಿಗದು. ಅದು ಅವಳಿಗೆ ಗೊತ್ತಿತ್ತು. ಔಷಧಿ ಅಂಗಡಿಯವನಿಗೂ ಗೊತ್ತಿತ್ತು.

"ಏನೂ ಕೊಡಬೇಡಿ ಅಂದೆ. ಬರೀ ನೀರು ಅಂದೆ!"

"ಅವರು ಗಂಡ, ಮೇಡಂ," ಡಾಕ್ಟರು ತೊದಲಿದರು. "ನಾನು ಹೇಗೆ ತಡೆಯಲಿ?"

ಗಂಡ. ಎಲ್ಲ ಬೀಗಕ್ಕೂ ಹೊಂದುವ ಕೀಲಿ ಅದು. ಅದನ್ನು ಯಾರು ಎರಕ ಹೊಯ್ದರೋ!

ಕಾವಲಿನವನ ಕೈ ಜರಡಿಯ ತೋಳಿಗೆ ಬಿತ್ತು. ಅವಳು ಮುಷ್ಟಿ ಬಿಗಿದಳು. ಮುಷ್ಟಿಯೊಳಗೆ ಆ ಬೂದು ಮುದ್ದೆ, ಮುದ್ದೆಗೆ ಕಚ್ಚಿಕೊಂಡ ಬಿಳಿ ದಾರದ ಚೂರು.

ಎದುರಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಬೆಲ್ಲ ಹೆಂಡತಿಯ ತಲೆಗೆ ಕೈ ಕೊಟ್ಟು ಎತ್ತಿ ಕೂರಿಸುತ್ತಿದ್ದ. ಲೋಟ ಅವಳ ತುಟಿಯ ಹತ್ತಿರವಿತ್ತು. ತಂಗಿ ಅದನ್ನು ಒಂದು ಬೆರಳಿನಿಂದ ತಡೆದಳು. ಕುಳಿಬಿದ್ದ ಕಣ್ಣು ಗಂಡನನ್ನು ದಾಟಿ, ಹೊಸ್ತಿಲು ದಾಟಿ, ಅಕ್ಕನ ಮೇಲೆ ನಿಂತವು. ಆ ಕಣ್ಣಲ್ಲಿ ಹುಟ್ಟಿದಾಗಿನಿಂದ ಇಲ್ಲದಿದ್ದ ಅನುಮಾನವಿತ್ತು.

"ಅಕ್ಕಾ... ಚೀಲ ನೀನೇ ಹೊಲಿದಿದ್ದು ಅಲ್ವಾ?"

"ಹೌದು ಪುಟ್ಟೀ, ನಾನೇ. ಆದ್ರೆ ನೆನಪು ಮಾಡ್ಕೋ, ಆ ಚೀಲಕ್ಕೆ ಮೀ..."

ಬೆಲ್ಲ ಹಿಮ್ಮಡಿಯಿಂದ ಬಾಗಿಲು ತಳ್ಳಿದ. ಅದು ಮುಚ್ಚಿಕೊಂಡಿತು. ಮುಟ್ಟಬೇಡಿ ಎಂದು ಹೇಳುವ ಬೋರ್ಡು ಕೂಡ ಈಗ ಅದರ ಮೇಲೆ ಇರಲಿಲ್ಲ.